ಹೆಸರಿಲ್ಲದ ಪುಟ್ಟ ಎಂಜಿನ್ನಿಗೆ ಹೆಸರಿಡುವ ಅವಸರ

ಮುಷ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಎಂಜಿನ್ನೊಂದು ಕಳೆದ ವರ್ಷ ನಮ್ಮ ಭೌತವಿಜ್ಞಾನ ವಿಭಾಗಕ್ಕೆ ಬಂತು. ಮಾದರಿ ವಿಮಾನಗಳನ್ನು ಹಾರಿಸಲು ಬಳಸುತ್ತಿದ್ದ ಒಂಟಿ ಸಿಲಿಂಡರಿನ ಎಂಜಿನ್ ಅದು. ಮೈಮೇಲೆ ಹೆಸರಿಲ್ಲ, ಸಂಖ್ಯೆಯಿಲ್ಲ, ಊರಿಲ್ಲ. ಅದಕ್ಕೆ ಕಟ್ಟಿದ್ದ ರಟ್ಟಿನ ಚೀಟಿಯಲ್ಲಿ ಮಾತ್ರ ‘ಇ.ಡಿ. ಮಾರ್ಕ್ 2, ಇಂಗ್ಲೆಂಡ್, ಸುಮಾರು 1947’ ಎಂದು ಬರೆದಿತ್ತು.

ತಂದವರು ಒಬ್ಬ ನಿವೃತ್ತ ಶಿಕ್ಷಕಿ. ಅವರ ತಂದೆ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದವರು. ಭಾನುವಾರಗಳಲ್ಲಿ ಎನ್‌ಸಿಸಿ ವಾಯುವಿಭಾಗದ ಹುಡುಗರಿಗೆ ಮಾದರಿ ವಿಮಾನ ಕಟ್ಟುವುದನ್ನು ಹೇಳಿಕೊಡುತ್ತಿದ್ದರಂತೆ. ಅವರು ತೀರಿಕೊಂಡು ಬಹಳ ವರ್ಷಗಳಾದ ಮೇಲೆ ಅಟ್ಟದ ಟ್ರಂಕಿನಲ್ಲಿ ಈ ಎಂಜಿನ್ ಸಿಕ್ಕಿತು. ಅದರ ಫೋಟೋವನ್ನು ಹಳೆಯ ಎಂಜಿನ್ ಸಂಗ್ರಹಿಸುವ ಹವ್ಯಾಸಿಯೊಬ್ಬರಿಗೆ ಕಳಿಸಿದರೆ ಮರುದಿನವೇ ಹೆಸರು ಬಂತು, ಬೆಲೆಯೂ ಬಂತು. ನಂತರ ಅವರು ಎಂಜಿನ್ನನ್ನೇ ತರಿಸಿಕೊಂಡು, ಹೊಳಪು ಕೊಟ್ಟು, ಚೀಟಿ ಕಟ್ಟಿ ಹಿಂದಿರುಗಿಸಿದರು. ಶಿಕ್ಷಕಿ ನಮ್ಮನ್ನು ಕೇಳಿದ್ದು ಬೆಲೆಯ ವಿಷಯವನ್ನಲ್ಲ. “ಸಾರ್, ಇದು ನಮ್ಮ ಅಪ್ಪ ಕೊಂಡದ್ದೋ, ಮಾಡಿದ್ದೋ? ಅವರೇ ಮಾಡಿದ್ದು ಅಂತ ಅಮ್ಮ ಹೇಳ್ತಿದ್ರು.” ಚೀಟಿ ನಿಜವಾದರೆ ಅಮ್ಮನ ಮಾತು ಸುಳ್ಳು. ಮೊದಲ ದಿನ ಚೀಟಿ ನೋಡಿ ನಾನೂ ತಲೆಯಾಡಿಸಿದ್ದೆ ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಹಳೆಯ ಮಾದರಿ ಎಂಜಿನ್ನುಗಳನ್ನು ಗುರುತಿಸುವ ರೂಢಿಯ ರೀತಿಯ ಬಗ್ಗೆ ನನ್ನ ತಕರಾರು ಹುಟ್ಟಿದ್ದು ಅಲ್ಲಿಂದ. ಹೊರರೂಪ ನೋಡುವುದು, ನೆನಪಿನಲ್ಲಿರುವ ಅಥವಾ ಪುಸ್ತಕದಲ್ಲಿರುವ ಚಿತ್ರಕ್ಕೆ ಹೋಲಿಸುವುದು, ಅತಿ ಹತ್ತಿರದ ಹೆಸರನ್ನು ಕೊಡುವುದು – ಇದೇ ಆ ರೀತಿ. ಹೆಸರು ಎರಕದಲ್ಲೇ ಮೂಡಿರುವ ಎಂಜಿನ್ನುಗಳ ಮಟ್ಟಿಗೆ ಇದು ಸಾಕು. ಐವತ್ತು ವರ್ಷ ಎಂಜಿನ್ನುಗಳ ನಡುವೆಯೇ ಕಳೆದವರ ಕಣ್ಣು ಅನೇಕ ವೇಳೆ ನಮ್ಮ ಉಪಕರಣಗಳಿಗಿಂತ ಮೊದಲು ಸರಿಯಾದ ಉತ್ತರ ಹೇಳುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಸರೇ ಇಲ್ಲದ ಎಂಜಿನ್ನಿನ ವಿಷಯದಲ್ಲಿ ಹೋಲಿಕೆ ಎಂಬುದು ಒಂದು ಊಹೆ ಮಾತ್ರ. ಊಹೆ ತಪ್ಪಾಗಲು ಅವಕಾಶ ಕೊಡುವ ಒಂದಾದರೂ ಪರೀಕ್ಷೆಯನ್ನು ಅದು ದಾಟಬೇಕು. ಆ ಚೀಟಿಯ ಹಿಂದೆ ಅಂಥ ಒಂದು ಪರೀಕ್ಷೆಯೂ ಇರಲಿಲ್ಲ.

ಈ ಎಂಜಿನ್ನುಗಳ ಪರಿಚಯವಿಲ್ಲದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ದಹನವನ್ನು ಆರಂಭಿಸುವ ರೀತಿಯಿಂದ ಇವುಗಳಲ್ಲಿ ಮೂರು ಬಗೆ. ಮೊದಲನೆಯದು ಕಿಡಿಯದು. ಅಮೆರಿಕದ ಫಿಲಡೆಲ್ಫಿಯಾದ ಬಿಲ್ ಬ್ರೌನ್ ರೂಪಿಸಿದ ಪುಟ್ಟ ಪೆಟ್ರೋಲ್ ಎಂಜಿನ್ನಿನಿಂದ ಮ್ಯಾಕ್ಸ್‌ವೆಲ್ ಬ್ಯಾಸೆಟ್ 1933ರ ಅಮೆರಿಕನ್ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗೆದ್ದ ಮೇಲೆ ಇದು ಜನಪ್ರಿಯವಾಯಿತು. ಎರಡನೆಯದು ಒತ್ತಡದಿಂದಲೇ ಹೊತ್ತಿಕೊಳ್ಳುವ ‘ಡೀಸೆಲ್’. ಸ್ವಿಟ್ಜರ್ಲೆಂಡಿನಲ್ಲಿ 1941ರಲ್ಲಿ ಮಾರುಕಟ್ಟೆಗೆ ಬಂದ ‘ಡೈನೋ’ ಎಂಬ 2 ಸಿ.ಸಿ. ಎಂಜಿನ್ ಇದರಲ್ಲಿ ಮೊದಲಿನದೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಮೂರನೆಯದು, ರೇ ಆರ್ಡನ್ 1947ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ತಂದ ಗ್ಲೋ ಪ್ಲಗ್. ಇದರಲ್ಲಿ ಮೆಥನಾಲ್ ಪ್ಲಾಟಿನಮ್ ಸುರುಳಿಯ ಮೇಲೆ ವೇಗವರ್ಧಿತ ಕ್ರಿಯೆ ನಡೆಸಿ ಸುರುಳಿಯನ್ನು ಕೆಂಪಗೇ ಇರಿಸುತ್ತದೆ. ಒಮ್ಮೆ ಓಡಲು ತೊಡಗಿದರೆ ಬ್ಯಾಟರಿ ಬೇಕಿಲ್ಲ.

ನಮ್ಮ ಎಂಜಿನ್ ಎರಡನೆಯ ಬಗೆಯದು. ಸಿಲಿಂಡರಿನ ನೆತ್ತಿಯಲ್ಲಿ ಅಡ್ಡ ಕಡ್ಡಿಯಿರುವ ತಿರುಪೊಂದಿದೆ. ಅದನ್ನು ತಿರುಗಿಸಿದರೆ ಒಳಗಿನ ಇನ್ನೊಂದು ಪುಟ್ಟ ಪಿಸ್ಟನ್ ಕೆಳಗಿಳಿದು ಸಂಪೀಡನ ಅನುಪಾತ ಹೆಚ್ಚುತ್ತದೆ. 300 ಕೆಲ್ವಿನ್ ಉಷ್ಣತೆಯ ಮಿಶ್ರಣವನ್ನು ಹದಿನಾಲ್ಕನೇ ಒಂದು ಪಾಲಿಗೆ ಒತ್ತಿದರೆ, ವಿಶಿಷ್ಟೋಷ್ಣಗಳ ಅನುಪಾತವನ್ನು 1.3 ಎಂದಿಟ್ಟುಕೊಂಡರೂ, ಉಷ್ಣತೆ ಸುಮಾರು 660 ಕೆಲ್ವಿನ್ನಿಗೆ, ಅಂದರೆ 390 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುತ್ತದೆ. ಈಥರ್ 160–180 ಡಿಗ್ರಿಯಲ್ಲೇ ತಾನಾಗಿ ಹೊತ್ತಿಕೊಳ್ಳುವ ದ್ರವ. ಹಾಗಾಗಿ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಸುಮಾರಾಗಿ ಸಮಪಾಲು ಬೆರೆಸುವುದು ಇಂಥ ಎಂಜಿನ್ನುಗಳ ಹಳೆಯ ಪಾಕ. ಇಂಗ್ಲಿಷರ ಕಾರ್ಯಾಗಾರಗಳಲ್ಲಿ ನಮ್ಮ ಹರಳೆಣ್ಣೆಗೆ ಸಿಕ್ಕ ಈ ಮರ್ಯಾದೆ ಬಹಳ ಜನರಿಗೆ ತಿಳಿದಿಲ್ಲ. ಹಳೆಯ ಎಂಜಿನ್ನುಗಳು ತಿರುಗದೆ ಬಿಗಿದುಕೊಂಡಿರುವುದಕ್ಕೆ ಬಹುಪಾಲು ಅದೇ ಕಾರಣ: ಒಣಗಿ ಅರಗಿನಂತಾದ ಹರಳೆಣ್ಣೆ. ಹದವಾಗಿ ಬಿಸಿ ಮಾಡಿದರೆ ಬಿಡುತ್ತದೆ. ಇಕ್ಕಳ ಹಾಕಿ ತಿರುಚಿದರೆ ಸಾಕ್ಷ್ಯವೂ ಹೋಗುತ್ತದೆ, ಶಾಫ್ಟೂ ಹೋಗುತ್ತದೆ.

ಈಗ ಹೋಲಿಕೆಯ ವಿಷಯ. ಚೀಟಿ ಬರೆದವರ ವಾದ ಹೀಗಿತ್ತು: ಉದ್ದ ಸಿಲಿಂಡರ್, ಅದರ ಹಿಂಭಾಗದಲ್ಲಿ ಚಾಚಿದ ಗಾಳಿಕೊಳವೆ, ಅದಕ್ಕೇ ತೂಗುಬಿದ್ದ ಇಂಧನದ ಬಟ್ಟಲು, ಗುಂಡನೆಯ ಕ್ರ್ಯಾಂಕ್ ಪೆಟ್ಟಿಗೆ. 1940ರ ದಶಕದ ಕೊನೆಯಲ್ಲಿ ಲಂಡನ್ನಿನ ಸಮೀಪ ತಯಾರಾಗುತ್ತಿದ್ದ ಇ.ಡಿ. ಎಂಜಿನ್ನುಗಳೂ ಹೀಗೆಯೇ ಇದ್ದವು. ನಿಜ. ಆದರೆ 1946ರಲ್ಲಿ ಬಂದ ಮಿಲ್ಸ್ 1.3 ಕೂಡ ಹೀಗೆಯೇ ಇತ್ತು. ಯುದ್ಧಾನಂತರದ ಯೂರೋಪಿನಲ್ಲಿ ತಯಾರಾದ ಇನ್ನೂ ಅನೇಕ ಡೀಸೆಲ್‌ಗಳೂ ಹೀಗೆಯೇ ಇದ್ದವು. ಕಾರಣ ನಕಲಲ್ಲ, ಅಥವಾ ನಕಲು ಮಾತ್ರವಲ್ಲ. ಪಿಸ್ಟನ್ನಿನ ಬುಡವೇ ಬಾಗಿಲಾಗಿ ಗಾಳಿದ್ವಾರವನ್ನು ತೆರೆದು ಮುಚ್ಚುವಂತೆ ಮಾಡಿದರೆ ಬೇರೆ ಕವಾಟವೇ ಬೇಡ. ಕಡೆಯುವ ಕೆಲಸ ಕಡಿಮೆ. ಹಾಗೆ ಮಾಡಿದಾಗ ಕೊಳವೆ ಸಿಲಿಂಡರಿನ ಪಕ್ಕದಲ್ಲೇ ಇರಬೇಕು. ಒಂದೇ ಗೋಡೆಯಲ್ಲಿ ನಿಷ್ಕಾಸ ದ್ವಾರ, ವರ್ಗಾವಣೆ ದ್ವಾರ, ಗಾಳಿದ್ವಾರ ಮೂರೂ ಒಂದರ ಕೆಳಗೊಂದು ಬರಬೇಕಾದ್ದರಿಂದ ಸಿಲಿಂಡರ್ ಉದ್ದವಾಗುತ್ತದೆ. ಕಾಗೆಗೂ ಬಾವಲಿಗೂ ರೆಕ್ಕೆಯಿರುವುದರಿಂದ ಅವು ಅಣ್ಣತಮ್ಮಂದಿರಾಗುವುದಿಲ್ಲ. ಒಂದೇ ಸಮಸ್ಯೆಗೆ ಒಂದೇ ಉತ್ತರ ಕಂಡುಕೊಂಡವರ ಮುಖಗಳು ಒಂದೇ ತರಹ ಕಾಣುತ್ತವೆ.

ಫೋಟೋದ ಮಿತಿ ಇನ್ನೊಂದು. ಗಾತ್ರ ಘನಮಾನದಲ್ಲಿ ಏರಿದರೆ ಉದ್ದ ಅದರ ಘನಮೂಲದಷ್ಟೇ ಏರುತ್ತದೆ. 2 ಸಿ.ಸಿ. ಎಂಜಿನ್ನನ್ನು ಅದೇ ಆಕಾರದಲ್ಲಿ 2.5 ಸಿ.ಸಿ.ಗೆ ಹಿಗ್ಗಿಸಿದರೆ ಪ್ರತಿ ಉದ್ದವೂ ಹೆಚ್ಚುವುದು ಶೇಕಡಾ 8ಕ್ಕಿಂತ ಕಡಿಮೆ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮುಂದಿನ ಭಾಗ ದೊಡ್ಡದಾಗಿ, ಹಿಂದಿನದು ಚಿಕ್ಕದಾಗಿ ಕಾಣುವ ವ್ಯತ್ಯಾಸವೇ ಅಷ್ಟಿರುತ್ತದೆ. ಆದ್ದರಿಂದ ಚಿತ್ರ ನೋಡಿ ‘2 ಸಿ.ಸಿ.’ ಎಂದು ಹೇಳಿದ್ದು ಸರಿಯಾಗಿದ್ದರೆ ಅದು ಅದೃಷ್ಟ.

ಸರಿಯಾಗಿಯೇ ಇತ್ತು ಎನ್ನಿ. ಬಿಚ್ಚಿ ಅಳೆದಾಗ ಸಿಲಿಂಡರಿನ ಒಳವ್ಯಾಸ 12.7 ಮಿ.ಮೀ., ಪಿಸ್ಟನ್ನಿನ ಓಟ 15.9 ಮಿ.ಮೀ. ಬಂತು. ಲೆಕ್ಕ ಹಾಕಿದರೆ 2.01 ಸಿ.ಸಿ. ವ್ಯಾಸ ವರ್ಗವಾಗಿ ಬರುವುದರಿಂದ ಅದರ ದೋಷ ಎರಡು ಪಟ್ಟಾಗುತ್ತದೆ ಎಂಬುದು ನಮ್ಮ ಪಿಯುಸಿ ವಿದ್ಯಾರ್ಥಿಗಳಿಗೂ ಗೊತ್ತು. 0.1 ಮಿ.ಮೀ. ಕನಿಷ್ಠ ಅಳತೆಯ ವರ್ನಿಯರ್‌ನಿಂದ ಅಳೆದಾಗ ಉತ್ತರದಲ್ಲಿ ಶೇಕಡಾ 2ರಷ್ಟು ಅನಿಶ್ಚಿತತೆ ಇರುತ್ತದೆ, ಅಂದರೆ 0.04 ಸಿ.ಸಿ. ಹವ್ಯಾಸಿಗಳು ಎರಡನೆಯ ದಶಾಂಶ ಸ್ಥಾನಕ್ಕಾಗಿ ಜಗಳವಾಡುವುದನ್ನು ಕಂಡಾಗಲೆಲ್ಲ ಅವರ ವರ್ನಿಯರ್ ಯಾವುದೆಂದು ಕೇಳಬೇಕೆನಿಸುತ್ತದೆ.

12.7 ಎಂದರೆ ಅರ್ಧ ಇಂಚು. 15.9 ಎಂದರೆ ಇಂಚಿನ ಎಂಟನೇ ಐದು ಭಾಗ. ಇಂಚಿನ ಅಳತೆ, ಆದ್ದರಿಂದ ಇಂಗ್ಲೆಂಡ್ – ಚೀಟಿಯ ಪರವಾಗಿರುವವರು ಇಲ್ಲಿ ಗೆದ್ದಂತೆ ಕಾಣುತ್ತದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಸ್ಕ್ರೂಗಳ ಕಥೆ ಈ ನಂಬಿಕೆಯನ್ನು ಮೊದಲು ಬಲಪಡಿಸಿ ನಂತರ ಕೆಡವಿತು. ಆ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಗುರುತಿಸುವಿಕೆಯಲ್ಲಿ ಸ್ಕ್ರೂವಿನಷ್ಟು ಪ್ರಾಮಾಣಿಕ ಸಾಕ್ಷಿ ಬೇರೆ ಸಿಗುವುದು ಅಪರೂಪ.

ಹಿಂಬದಿಯ ಮುಚ್ಚಳವನ್ನು ಹಿಡಿದಿರುವ ನಾಲ್ಕು ಸ್ಕ್ರೂಗಳ ಹೊರವ್ಯಾಸ 2.8 ಮಿ.ಮೀ. ಈ ಗಾತ್ರದಲ್ಲಿ ಮೂವರು ಅಭ್ಯರ್ಥಿಗಳಿದ್ದಾರೆ. ಬ್ರಿಟಿಷ್ ಅಸೋಸಿಯೇಷನ್ ಪದ್ಧತಿಯ 6 ಬಿ.ಎ. ಸ್ಕ್ರೂ: ವ್ಯಾಸ 2.8, ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗಿರುವ ಅಂತರ, ಅಂದರೆ ಪಿಚ್, 0.53 ಮಿ.ಮೀ. ಅಮೆರಿಕದ 4-40: ವ್ಯಾಸ 2.84, ಪಿಚ್ 0.635. ಮೆಟ್ರಿಕ್ ಪದ್ಧತಿಯ ಎಂ 3: ವ್ಯಾಸ ಹೆಸರಿಗೆ 3 ಇದ್ದರೂ ತಯಾರಿಕೆಯ ಸಡಿಲದಲ್ಲಿ, ಸವೆತದಲ್ಲಿ ಕಡಿಮೆಯಾಗಬಹುದು, ಪಿಚ್ 0.5. ವ್ಯಾಸ ನೋಡಿ ಇವನ್ನು ಬೇರ್ಪಡಿಸುವುದು ಕಷ್ಟ, ಪಿಚ್ ನೋಡಿ ಸುಲಭ. ನಮ್ಮ ಸ್ಕ್ರೂಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದುದು ಎಂಟು ಸುತ್ತು. ಎಂಟು ಸುತ್ತಿನ ಉದ್ದ ಬಿ.ಎ. ಆದರೆ 4.24, ಅಮೆರಿಕದ್ದಾದರೆ 5.08, ಮೆಟ್ರಿಕ್ ಆದರೆ 4.00 ಮಿ.ಮೀ. ಇರಬೇಕು. ಪದವಿ ಕಾಲೇಜಿನ ಪ್ರತಿ ಭೌತವಿಜ್ಞಾನ ಪ್ರಯೋಗಾಲಯದಲ್ಲೂ ಇರುವ ಚಲಿಸುವ ಸೂಕ್ಷ್ಮದರ್ಶಕ 0.01 ಮಿ.ಮೀ.ವರೆಗೆ ಅಳೆಯುತ್ತದೆ. ನಮಗೆ ಬಂದದ್ದು 4.25. ಬೆಳಕಿನ ಎದುರು ಹಿಡಿದು ನೆರಳನ್ನು ಗೋಡೆಗೆ ಬೀಳಿಸಿ ಸುತ್ತಿನ ಕೋನವನ್ನೂ ನೋಡಿದೆವು. ಮೆಟ್ರಿಕ್ ಮತ್ತು ಅಮೆರಿಕನ್ ಸ್ಕ್ರೂಗಳಲ್ಲಿ ಅದು 60 ಡಿಗ್ರಿ, ಬಿ.ಎ.ಯಲ್ಲಿ 47.5. ನಮ್ಮದು 48ರ ಆಸುಪಾಸು. ಸ್ಕ್ರೂವನ್ನು ಯಾರಾದರೂ ಬದಲಿಸಿರಬಹುದು, ರಂಧ್ರವನ್ನು ಬದಲಿಸುವುದು ಕಷ್ಟ. ಆದ್ದರಿಂದ ಹೊಸ 6 ಬಿ.ಎ. ಸ್ಕ್ರೂ ತಂದು ರಂಧ್ರಗಳಲ್ಲಿ ಬೆರಳಿನಿಂದ ತಿರುಗಿಸಿ ನೋಡಿದೆವು. ನಾಲ್ಕರಲ್ಲೂ ತಳದವರೆಗೆ ಇಳಿಯಿತು.

ಬಿ.ಎ. ಪದ್ಧತಿಯ ಬಗ್ಗೆ ಒಂದು ಸ್ವಾರಸ್ಯ ಹೇಳದೆ ಮುಂದುವರಿಯಲಾರೆ. 1884ರಲ್ಲಿ ರೂಪುಗೊಂಡ ಈ ‘ಬ್ರಿಟಿಷ್’ ಪದ್ಧತಿಯ ಮೂಲ ಅಳತೆ ಮಿಲಿಮೀಟರಿನದು! ಸೊನ್ನೆ ಸಂಖ್ಯೆಯ ಸ್ಕ್ರೂವಿನ ಪಿಚ್ 1 ಮಿ.ಮೀ.; ಮುಂದಿನ ಪ್ರತಿ ಸಂಖ್ಯೆಗೂ ಅದನ್ನು 0.9ರಿಂದ ಗುಣಿಸುತ್ತ ಹೋಗಬೇಕು. 0.9ರ ಆರನೇ ಘಾತ 0.531. ಗುಣೋತ್ತರ ಶ್ರೇಣಿ ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಹಾಗಾದರೆ ಬಿ.ಎ. ಸ್ಕ್ರೂ, ಇಂಚಿನ ಅಳತೆ ಎರಡೂ ಸಿಕ್ಕವು. ಇನ್ನೇನು ಬೇಕು? ಬೇಕಾದದ್ದು ಒಂದೇ ಪ್ರಶ್ನೆ: ಎಂಜಿನ್ನನ್ನು ಆ ಫಿಟ್ಟರ್ ತಮ್ಮ ಟೂಲ್‌ರೂಮಿನಲ್ಲಿ ಮಾಡಿದ್ದರೆ ಯಾವ ಸ್ಕ್ರೂ ಹಾಕುತ್ತಿದ್ದರು? ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಜಾರಿ 1958ರಿಂದ ಹಂತಹಂತವಾಗಿ. ಅಲ್ಲಿಯವರೆಗೆ, ಮತ್ತು ಅದಾದ ಎಷ್ಟೋ ವರ್ಷ, ನಮ್ಮ ಕಾರ್ಯಾಗಾರಗಳ ಕಪಾಟುಗಳಲ್ಲಿದ್ದುದು ಇಂಚಿನ ರೀಮರ್‌ಗಳು, ವಿಟ್‌ವರ್ತ್ ಮತ್ತು ಬಿ.ಎ. ಟ್ಯಾಪ್‌ಗಳು. ಅರ್ಧ ಇಂಚಿನ ರೀಮರ್ ಕೈಯಲ್ಲಿರುವವನು ಅರ್ಧ ಇಂಚಿನ ಸಿಲಿಂಡರನ್ನೇ ಮಾಡುತ್ತಾನೆ. ಅಂದರೆ ಎಂಜಿನ್ ಲಂಡನ್ನಿನದಾದರೂ ಇದೇ ಗುರುತು, ನಮ್ಮೂರಿನದಾದರೂ ಇದೇ ಗುರುತು. ಎರಡು ಊಹೆಗಳಲ್ಲೂ ಸಮನಾಗಿ ನಿರೀಕ್ಷಿಸಬಹುದಾದ ಗುರುತು ಆ ಎರಡರ ನಡುವೆ ತೀರ್ಪು ಕೊಡಲಾರದು. ಅಮೆರಿಕ ಮತ್ತು ಯೂರೋಪಿನ ಮುಖ್ಯ ಭೂಭಾಗವನ್ನು ಬದಿಗಿಡಲು ಅದು ಉಪಯೋಗವಾಯಿತು, ಅಷ್ಟೇ. ಹವ್ಯಾಸಿ ಬರಹಗಳಲ್ಲಿ ನಾನು ಕಾಣುವ ಅತಿ ದೊಡ್ಡ ದೋಷ ಇದು. ಹೊಂದುವ ಗುರುತುಗಳನ್ನು ಹತ್ತು ಪಟ್ಟಿ ಮಾಡುತ್ತಾರೆ. ಹತ್ತೂ ಎದುರಾಳಿ ಊಹೆಗೂ ಹೊಂದುತ್ತವೆಯೇ ಎಂದು ನೋಡುವುದಿಲ್ಲ.

ದ್ವಾರಗಳು ತೆರೆಯುವ ಕೋನಗಳನ್ನು ಶಾಫ್ಟಿಗೆ ಕೋನಮಾಪಕ ಕಟ್ಟಿ ಅಳೆದೆವು. ಗಾಳಿದ್ವಾರ ಪಿಸ್ಟನ್ನಿನ ಮೇಲ್ತುದಿಯ ಎರಡೂ ಬದಿಗೆ 52 ಮತ್ತು 53 ಡಿಗ್ರಿ. ಪಿಸ್ಟನ್ನೇ ಬಾಗಿಲಾದಾಗ ಈ ಸಮಮಿತಿ ಬರಲೇಬೇಕು. ಕೋನಗಳು ಹೊಳಪಿನಿಂದಾಗಲಿ ಬಣ್ಣದಿಂದಾಗಲಿ ಬದಲಾಗುವುದಿಲ್ಲವಾದ್ದರಿಂದ ಇದು ಒಳ್ಳೆಯ ಬೆರಳಚ್ಚು. ಆದರೆ ಹೋಲಿಸಲು ಒಂದು ನಿಜವಾದ ಇ.ಡಿ. ಎಂಜಿನ್ ನಮ್ಮ ಕೈಗೆ ಸಿಗಲಿಲ್ಲ, ಹಾಗಾಗಿ ಇದನ್ನು ಬರೆದಿಟ್ಟುಕೊಂಡು ಸುಮ್ಮನಾದೆವು.

ತೀರ್ಪಿನ ಕಡೆಗೆ ತಿರುಗಿಸಿದ್ದು ಅದೇ ಹಿಂಬದಿಯ ಮುಚ್ಚಳ. ಗುಂಡನೆಯ ಮುಚ್ಚಳ, ನಾಲ್ಕು ಮೂಲೆಗಳಲ್ಲಿ ನಾಲ್ಕು ರಂಧ್ರ. ಕಾರ್ಖಾನೆಯಲ್ಲಿ ನೂರಾರು ಮುಚ್ಚಳಗಳನ್ನು ಒಂದೇ ಜಿಗ್‌ನಲ್ಲಿಟ್ಟು ಕೊರೆಯುತ್ತಾರೆ. ಯಾವ ಮುಚ್ಚಳ ಯಾವ ಪೆಟ್ಟಿಗೆಗೂ ಕೂರಬೇಕು. ಹಾಗೆ ಕೊರೆದ ಗುಂಡು ಮುಚ್ಚಳವನ್ನು 90 ಡಿಗ್ರಿ ತಿರುಗಿಸಿದರೂ ಸಾಮಾನ್ಯವಾಗಿ ಕೂರುತ್ತದೆ. ನಮ್ಮದು ಒಂದೇ ಸ್ಥಾನದಲ್ಲಿ ಕೂರುತ್ತದೆ, ಉಳಿದ ಮೂರರಲ್ಲಿ ಇಲ್ಲ. ರಂಧ್ರಗಳ ನಡುವಣ ಅಂತರ ಅಳೆದರೆ 14.1, 14.4, 13.9, 14.3 ಮಿ.ಮೀ. ಪೆಟ್ಟಿಗೆಯ ರಂಧ್ರಗಳೂ ಅದೇ ಕ್ರಮದಲ್ಲಿ ಅಷ್ಟಷ್ಟೇ ಓರೆ. ಮುಚ್ಚಳವನ್ನು ಜಾಗದಲ್ಲಿಟ್ಟು ಎರಡನ್ನೂ ಒಟ್ಟಿಗೆ ಕೊರೆದಿದ್ದಾರೆ. ಮತ್ತೆ ಜೋಡಿಸುವಾಗ ಗೊಂದಲವಾಗಬಾರದೆಂದು ಮುಚ್ಚಳದ ಒಳಬದಿಯಲ್ಲೊಂದು, ಪೆಟ್ಟಿಗೆಯ ಅಂಚಿನಲ್ಲೊಂದು ಪಂಚಿನ ಚುಕ್ಕಿ. ಆ ಎರಡು ಚುಕ್ಕಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ನಾನು ಚೀಟಿಯನ್ನು ಬಿಚ್ಚಿ ಬದಿಗಿಟ್ಟೆ.

ಕ್ರ್ಯಾಂಕ್ ಪೆಟ್ಟಿಗೆ ಎರಕದ್ದಲ್ಲ, ಅಲ್ಯೂಮಿನಿಯಮ್ ದಿಂಡಿನಿಂದ ಕಡೆದದ್ದು. ಮರಳಚ್ಚಿನ ಒರಟು ಎಲ್ಲೂ ಇಲ್ಲ, ಲೋಹದಚ್ಚಿನ ಕೂಡುಗೆರೆ ಇಲ್ಲ. ಒಳಗೆ ಲೇತಿನ ಉಳಿಯ ಗೀರು, ಚಾಚುಕಿವಿಗಳ ಸಂದಿಯಲ್ಲಿ ಅರದ ಓರೆ ಗೀರು ಇವೆ. ಇಷ್ಟರಿಂದಲೇ ‘ಕೈಕೆಲಸ’ ಎಂದುಬಿಟ್ಟರೆ ನಾನೂ ಚೀಟಿಯವರ ತಪ್ಪನ್ನೇ ಮಾಡಿದಂತೆ: ಅಮೆರಿಕದ ಕಾಕ್ಸ್ ಕಂಪನಿ 1956ರಿಂದ ಅಪಾರ ಸಂಖ್ಯೆಯಲ್ಲಿ ಮಾರಿದ ‘ಬೇಬ್ ಬೀ’ ಎಂಜಿನ್ನಿನ ಪೆಟ್ಟಿಗೆಯೂ ಅಲ್ಯೂಮಿನಿಯಮ್ ದಿಂಡಿನಿಂದ ಕಡೆದದ್ದೇ. ವ್ಯತ್ಯಾಸವಿರುವುದು ಏಕರೂಪತೆಯಲ್ಲಿ. ಸ್ವಯಂಚಾಲಿತ ಲೇತ್ ಒಂದೇ ಅಳತೆಯನ್ನು ಮತ್ತೆ ಮತ್ತೆ ಕೊಡುತ್ತದೆ. ನಮ್ಮ ಸಿಲಿಂಡರಿನ ತಂಪು ರೆಕ್ಕೆಗಳ ನಡುವಣ ಅಂತರ 1.4ರಿಂದ 1.9 ಮಿ.ಮೀ.ವರೆಗೆ ಏರಿಳಿಯುತ್ತದೆ.

ಈಗ ಹೊಳಪಿನ ವಿಷಯ. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ಅರದ ಗೀರು ಉಳಿದಿರುವುದು ಬಫ್ ಚಕ್ರ ಹೋಗಲಾರದ ಸಂದಿಗಳಲ್ಲಿ ಮಾತ್ರ. ಹೊರಮೈಯೆಲ್ಲ ಕನ್ನಡಿಯಂತಿದೆ. ಅಲ್ಲಿ ಯಾರಾದರೂ ಮೊಳೆಯಿಂದ ಇಂಗಿತಾಕ್ಷರ ಗೀಚಿದ್ದರೆ, ತಾರೀಖು ಹಾಕಿದ್ದರೆ, ಅದು ಬಫ್‌ನ ಧೂಳಿನಲ್ಲಿ ಹೋಯಿತು. ಹೊಳಪು ಕೊಟ್ಟವರು ಕೆಟ್ಟವರಲ್ಲ. ಮಾರಾಟದಲ್ಲಿ ಹೊಳೆಯುವುದಕ್ಕೆ ಬೆಲೆ ಹೆಚ್ಚು ಎಂದು ತಿಳಿದವರು. ಆದರೆ ಮೊದಲು ಹೆಸರು ಹೇಳಿ, ಆಮೇಲೆ ಆ ಹೆಸರನ್ನು ಪರೀಕ್ಷಿಸಬಹುದಾಗಿದ್ದ ಮೇಲ್ಮೈಯನ್ನು ಉಜ್ಜಿ ತೆಗೆಯುವುದನ್ನು ಯಾವ ಪ್ರಯೋಗಾಲಯದಲ್ಲೂ ಕ್ಷಮಿಸುವುದಿಲ್ಲ.

ಹೆಸರಿನ ಮೋಹದ ಇನ್ನೊಂದು ತೊಡಕನ್ನೂ ಹೇಳಬೇಕು. ತಯಾರಕರ ಹೆಸರು ಗೊತ್ತಾದರೆ ಮೂಲ ಗೊತ್ತಾಯಿತೆಂದು ಭಾವಿಸುತ್ತಾರೆ. ಮಿಲ್ಸ್ ಎಂಜಿನ್ನನ್ನೇ ನೋಡಿ. ಇಂಗ್ಲೆಂಡಿನ ವೋಕಿಂಗ್‌ನಲ್ಲಿ ತಯಾರಾದ ಮೂಲದ ಜೊತೆಗೆ ಅದರ ಪ್ರತಿಕೃತಿಗಳು ಮುಂದೆ ಬೇರೆ ಬೇರೆ ದೇಶಗಳಲ್ಲಿ ಬಂದವು. ನಮ್ಮ ಕೊಲ್ಕತ್ತಾದಲ್ಲೂ ತಯಾರಾದವು. ಇನ್ನು ಎಡ್ಗರ್ ವೆಸ್ಟ್‌ಬರಿ, ಲಾರೆನ್ಸ್ ಸ್ಪೇರಿ ಮುಂತಾದವರು ಹವ್ಯಾಸಿಗಳೇ ಮನೆಯ ಲೇತಿನಲ್ಲಿ ಮಾಡಿಕೊಳ್ಳಲೆಂದು ಎಂಜಿನ್ನುಗಳ ನಕ್ಷೆಗಳನ್ನು ಪ್ರಕಟಿಸಿದರು. ಅಂಥ ನಕ್ಷೆಯಿಂದ ನೂರು ಜನ ನೂರು ಎಂಜಿನ್ ಮಾಡಿದರೆ ನೂರಕ್ಕೂ ಒಂದೇ ಮುಖ, ಆದರೆ ತಯಾರಕರು ನೂರು. ಇವುಗಳಿಗೆ ಸಂಗ್ರಹಕಾರರ ಪಟ್ಟಿಯಲ್ಲಿ ಸ್ಥಾನವಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಪಟ್ಟಿಯಲ್ಲಿರುವ ಹತ್ತಿರದ ಹೆಸರಿಗೆ ಸೇರಿಸಿಬಿಡುವುದು ಸುಲಭ. ಹೀಗೆ ಒಬ್ಬ ಮನುಷ್ಯನ ಮೂರು ನಾಲ್ಕು ತಿಂಗಳ ಸಂಜೆಗಳ ದುಡಿಮೆ ಇನ್ನೊಂದು ದೇಶದ ಕಾರ್ಖಾನೆಯ ಖಾತೆಗೆ ಜಮೆಯಾಗುತ್ತದೆ. ಹೊರಗಿನಿಂದ ಬಂದದ್ದಿರಬೇಕು, ನಮ್ಮವರು ಇಷ್ಟು ನಾಜೂಕಾಗಿ ಮಾಡಿರಲಾರರು ಎಂಬ ಎಣಿಕೆಯೂ ಅದರಲ್ಲಿ ಬೆರೆತಿರುತ್ತದೆ. ನಾನು ಮೊದಲ ದಿನ ತಲೆಯಾಡಿಸಿದಾಗ ನನ್ನೊಳಗೂ ಅದೇ ಎಣಿಕೆ ಇತ್ತು.

ನಮ್ಮ ತೀರ್ಮಾನಕ್ಕೂ ಎದುರು ವಾದ ಇದೆ. ಯಾವುದೋ ಸಣ್ಣ ಬ್ರಿಟಿಷ್ ಕಾರ್ಯಾಗಾರದ ಮೊದಲ ಮಾದರಿಯೂ ಹೀಗೆ ಒಂದೊಂದಾಗಿ ಕೊರೆದದ್ದಿರಬಹುದು. ಬೇರೊಬ್ಬ ಹವ್ಯಾಸಿ ಮಾಡಿದ್ದು ಫಿಟ್ಟರ್ ಅವರ ಕೈಗೆ ಬಂದಿರಬಹುದು. ನಾವು ತೋರಿಸಿದ್ದು, ಇದು ಸಾವಿರಗಟ್ಟಲೆ ತಯಾರಾದ ಸರಕಲ್ಲ ಎಂಬುದನ್ನು ಮಾತ್ರ. ಶಿಕ್ಷಕಿಗೂ ಅಷ್ಟನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಎಂಜಿನ್ನಿನ ಅಡ್ಡ ಕಡ್ಡಿಯನ್ನು ತಿರುಗಿಸುತ್ತ ಕುಳಿತಿದ್ದು, “ಟ್ರಂಕಿನ ತಳದಲ್ಲಿ ಇನ್ನೂ ಏನೇನೋ ಕಬ್ಬಿಣದ ಸಾಮಾನು ಇದೆ ಸಾರ್, ತುಕ್ಕು ಹಿಡಿದದ್ದು ಅಂತ ತರಲಿಲ್ಲ” ಎಂದರು.

ಹೊಸ ಚೀಟಿಯಲ್ಲಿ ಈಗ ಹೀಗಿದೆ: ‘ತಯಾರಕರು ತಿಳಿದಿಲ್ಲ. ಒಂಟಿಯಾಗಿ ಕೈಯಿಂದ ಮಾಡಿದ್ದು. ಡೀಸೆಲ್, 2.01 ± 0.04 ಸಿ.ಸಿ., 6 ಬಿ.ಎ. ಸ್ಕ್ರೂಗಳು. ಮನೆಯವರ ಹೇಳಿಕೆಯಂತೆ ಮಾಲೀಕರೇ ಮಾಡಿದ್ದು. ಹೊರಮೈಗೆ ಇತ್ತೀಚೆಗೆ ಹೊಳಪು ಕೊಡಲಾಗಿದೆ.’ ಟ್ರಂಕಿನ ಸಾಮಾನು ಮುಂದಿನ ವಾರ ಬರಲಿದೆ. ಅದರಲ್ಲಿ ಅರ್ಧ ಇಂಚಿನ ರೀಮರ್ ಇದ್ದರೂ ಹೆಚ್ಚು ಪ್ರಯೋಜನವಾಗದು. ಸಿಲಿಂಡರಿನ ಒಳಮೈಯನ್ನು ಲ್ಯಾಪ್ ಮಾಡಿರುವುದರಿಂದ ರೀಮರಿನ ಗೀರು ಉಳಿದಿಲ್ಲ. ಆದರೆ ಪಂಚು ಸಿಕ್ಕರೆ ಅದರ ಮೊನೆಯ ಆಕಾರವನ್ನು ಆ ಎರಡು ಚುಕ್ಕಿಗಳ ಅಚ್ಚಿನೊಂದಿಗೆ ಹೋಲಿಸಿ ನೋಡಬಹುದು.